ಕಲ್ಲೆಹದ ಶಾಸನ ಮತ್ತು ಕೈಯೊಳಗಿನ ಸಂದೇಶ

ಮಾಗಡಿ ತಾಲ್ಲೂಕಿನ ಕಲ್ಯ ಇಂದು ದೊಡ್ಡ ಊರೇನೂ ಅಲ್ಲ. ಆದರೆ ಕರ್ನಾಟಕದ ಜೈನ ಇತಿಹಾಸವನ್ನು ಬಲ್ಲವರಿಗೆ ಇದರ ಹೆಸರು ಪರಿಚಿತವಾದುದು. ವಿಜಯನಗರದ ಮೊದಲನೆಯ ಬುಕ್ಕರಾಯನು ಶಕವರ್ಷ 1290ರ ಕೀಲಕ ಸಂವತ್ಸರದ ಭಾದ್ರಪದ ಶುದ್ಧ ದಶಮಿಯಂದು, ಎಂದರೆ ಕ್ರಿ.ಶ. 1368ರಲ್ಲಿ, ಜೈನರಿಗೂ ಶ್ರೀವೈಷ್ಣವರಿಗೂ ಉಂಟಾಗಿದ್ದ ವ್ಯಾಜ್ಯವನ್ನು ತೀರ್ಮಾನಿಸಿ ಹೊರಡಿಸಿದ ಆಜ್ಞೆಯ ಒಂದು ಪ್ರತಿ ಶ್ರವಣಬೆಳಗೊಳದಲ್ಲಿಯೂ ಇನ್ನೊಂದು ಪ್ರತಿ ಈ ಕಲ್ಯದಲ್ಲಿಯೂ ದೊರೆತಿವೆ. ಬೆಳಗೊಳದ ಶಾಸನದಲ್ಲಿ ಕಲ್ಲೆಹವೆಂದು ಹೆಸರಿಸಿರುವ ಪಟ್ಟಣವೇ ಇಂದಿನ ಕಲ್ಯ.

ಈ ಶಾಸನವನ್ನು ಮತಸಾಮರಸ್ಯದ ದಾಖಲೆಯೆಂದು ಕೊಂಡಾಡುವುದು ರೂಢಿ. ಅದು ಯುಕ್ತವೇ ಆಗಿದೆ. ಆದರೆ ಒಂದು ಊರಿನಲ್ಲಿ ಹುಟ್ಟಿದ ಮಾತು ಇಡೀ ರಾಜ್ಯಕ್ಕೆ ಹೇಗೆ ತಲುಪಿತು, ಯಾರ ಹೊಣೆಯಲ್ಲಿ ತಲುಪಿತು ಎಂಬ ದೃಷ್ಟಿಯಿಂದ ಅದನ್ನು ಓದಿದವರು ವಿರಳ. ಕ್ಷಣಮಾತ್ರದಲ್ಲಿ ಸಾವಿರಾರು ಜನರಿಗೆ ಸಂದೇಶ ಮುಟ್ಟುವ ಈ ಕಾಲದಲ್ಲಿ ಹಾಗೆ ಓದುವುದು ಪ್ರಯೋಜನಕರ.

ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಸ್ಥಳಗಳ ಭವ್ಯರು, ಎಂದರೆ ಜೈನ ಶ್ರಾವಕರು, ಭಕ್ತರಿಂದ ತಮಗಾಗುತ್ತಿದ್ದ ಅನ್ಯಾಯವನ್ನು ರಾಜನಲ್ಲಿ ಬಿನ್ನವಿಸಿಕೊಂಡರು. ಅಂದಿನ ಬಿನ್ನಹವನ್ನು ಮನುಷ್ಯರೇ ಹೊತ್ತುಕೊಂಡು ಹೋಗಬೇಕಾಗಿತ್ತು. ದೂರುವವರು ಯಾರು, ಯಾವ ಊರಿನವರು, ಯಾರ ಮೇಲೆ ದೂರು ಎಂಬುದು ಮುಚ್ಚಿಡುವಂತಹುದಾಗಿರಲಿಲ್ಲ. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರೂ ಹದಿನೆಂಟು ನಾಡುಗಳ ಶ್ರೀವೈಷ್ಣವರೂ ನೆರೆದಿರಲು, ರಾಜನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿ ಇರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಜೈನರಿಗೆ ಪೂರ್ವದಿಂದ ನಡೆದುಬಂದ ಪಂಚಮಹಾವಾದ್ಯಗಳ ಮತ್ತು ಕಲಶದ ಮರ್ಯಾದೆ ಮುಂದುವರಿಯಬೇಕೆಂದೂ, ಜೈನದರ್ಶನಕ್ಕೆ ಒದಗುವ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮವೇ ಎಂದು ಭಾವಿಸಬೇಕೆಂದೂ ವಿಧಿಸಿದನು.

ಗಮನಿಸಬೇಕಾದ ಅಂಶ ಇದರ ನಂತರ ಬರುತ್ತದೆ. ಈ ತೀರ್ಮಾನವನ್ನು ರಾಜ್ಯದ ಎಲ್ಲ ಬಸದಿಗಳಲ್ಲಿಯೂ ಶಾಸನವಾಗಿ ನಿಲ್ಲಿಸುವ ಕೆಲಸವನ್ನು ರಾಜನು ಒಪ್ಪಿಸಿದ್ದು ವೈಷ್ಣವರಿಗೆ. ಯಾರ ಮೇಲೆ ದೂರು ಬಂದಿತ್ತೋ ಅವರೇ ತೀರ್ಮಾನವನ್ನು ಪ್ರಕಟಿಸಬೇಕಾಯಿತು. ಬಸದಿಯ ಬಾಗಿಲಲ್ಲಿ ತಾವೇ ನಿಲ್ಲಿಸಿದ ಕಲ್ಲಿನ ಮಾತನ್ನು ತಾವೇ ಮುರಿಯುವುದು ಸುಲಭವಲ್ಲವೆಂಬುದನ್ನು ಆ ರಾಜನು ಚೆನ್ನಾಗಿ ಅರಿತಿದ್ದನು. ಮುಂದೆ ಹಣದ ವ್ಯವಸ್ಥೆಯೂ ಹೇಳಲ್ಪಟ್ಟಿದೆ. ರಾಜ್ಯದ ಜೈನರು ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ಕೊಡತಕ್ಕದ್ದು. ತಿರುಮಲೆಯ ತಾತಯ್ಯನು ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಿ, ಉಳಿದದ್ದರಿಂದ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಬಳಿಸತಕ್ಕದ್ದು. ಇದನ್ನು ಮೀರಿದವನು ರಾಜದ್ರೋಹಿ, ಸಂಘದ್ರೋಹಿ, ಸಮುದಾಯದ್ರೋಹಿ. ಶಾಸನದ ಕೊನೆಯ ಭಾಗದಲ್ಲಿ ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿಯ ಹೆಸರಿದೆ. ಈತನು ಬುಕ್ಕರಾಯನಲ್ಲಿ ಬಿನ್ನವಿಸಿ, ತಿರುಮಲೆಯ ತಾತಯ್ಯನನ್ನು ಬರಮಾಡಿಕೊಂಡು ಜೀರ್ಣೋದ್ಧಾರ ಮಾಡಿಸಿದನು. ಆಗ ಎರಡು ಸಮಯದವರೂ ಕೂಡಿ ಆತನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರು.

ಹೀಗೆ ಆ ಒಂದು ಬರಹದಲ್ಲಿ ತಿಥಿಯಿದೆ, ಹೇಳಿದವನ ಹೆಸರಿದೆ, ಕೇಳಿದವರ ಊರಿದೆ, ವೆಚ್ಚದ ಮೂಲವಿದೆ, ಮುರಿದವನಿಗೆ ಸಲ್ಲುವ ಹೆಸರಿದೆ. ಕಲ್ಲನ್ನು ಕಡೆಯುವುದು ನಿಧಾನದ ಕೆಲಸ. ಕಂಡರಣೆಯವನು ಒಂದೊಂದು ಅಕ್ಷರವನ್ನು ಕೆತ್ತುವಾಗಲೂ ಆ ಮಾತು ತಪ್ಪಾಗಿದ್ದರೆ ತಿದ್ದಲು ಅವಕಾಶವಿತ್ತು.

ಇಂದು ಅದೇ ನೆಲದ ಸ್ಥಿತಿಯನ್ನು ನೋಡಬೇಕು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾದವು. 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದಿತು. ಬೆಳಿಗ್ಗೆ ರೈಲು ಅಥವಾ ಬಸ್ಸು ಹಿಡಿದು ರಾಜಧಾನಿಗೆ ಕೆಲಸಕ್ಕೆ ಹೋಗುವವರೂ, ಮಕ್ಕಳನ್ನು ದೂರದೇಶಗಳಿಗೆ ಕಳುಹಿಸಿ ಊರಿನಲ್ಲಿ ಉಳಿದ ಹಿರಿಯರೂ ಇಲ್ಲಿ ಬಹಳವಾಗಿದ್ದಾರೆ. ಒಂದು ಕಾಲಕ್ಕೆ ಇವರೆಲ್ಲರಿಗೂ ಅಂಚೆಯವನೇ ಗತಿ. ಸಾವು ನೋವಿಗೆ ತಂತಿ. ಆ ತಂತಿಯ ಸೇವೆ 2013ರ ಜುಲೈ ತಿಂಗಳಿನಲ್ಲಿ ದೇಶದಾದ್ಯಂತ ನಿಂತುಹೋಯಿತು. ಆ ವೇಳೆಗೆ ಅದನ್ನು ಬಳಸುವವರೂ ಇರಲಿಲ್ಲವೆನ್ನಬೇಕು.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದಲ್ಲಿಯೇ ದೊಡ್ಡದೆಂದು ಹೆಸರಾದುದು. ಕೂಗಿ ಹರಾಜು ಹಾಕುತ್ತಿದ್ದ ಕ್ರಮ ಹೋಗಿ ಅಲ್ಲಿ ಈಗ ವಿದ್ಯುನ್ಮಾನ ಹರಾಜು ನಡೆಯುತ್ತದೆ; ನೂಲು ಬಿಚ್ಚುವವರು ತಮ್ಮ ಕೈಯ ಮೊಬೈಲಿನಿಂದಲೇ ಬೆಲೆಯನ್ನು ನಮೂದಿಸುತ್ತಾರೆ. ಗೂಡಿನೊಳಗಿನ ಜೀವವನ್ನು ಬಿಸಿನೀರಿಗೆ ಹಾಕಿ ಪಡೆಯುವ ಆ ನೂಲಿನ ವಿಚಾರದಲ್ಲಿ ಜೈನರ ನಿಲುವು ಏನಿರಬೇಕೆಂಬುದು ಬೇರೆಯ ಪ್ರಶ್ನೆ. ಜಿನಪೂಜೆಗೆ ರೇಷ್ಮೆ ಉಡುವವರು ಅದನ್ನು ಒಮ್ಮೆ ಯೋಚಿಸುವುದು ಒಳ್ಳೆಯದು. ಇಲ್ಲಿ ಪ್ರಸ್ತುತವಾದುದು ಇಷ್ಟೇ: ಆ ಮಾರುಕಟ್ಟೆಯಲ್ಲಿ ಬೆಲೆ ಕೂಗುವವನಿಗೆ ಪರವಾನಗಿ ಇರುತ್ತದೆ, ಗೂಡಿನ ರಾಶಿಗೆ ಸಂಖ್ಯೆ ಇರುತ್ತದೆ. ಒತ್ತಿದ ಅಂಕಿಗೆ ಒತ್ತಿದವನು ಬದ್ಧ. ಕಿಲೋ ಗೂಡಿನ ಬೆಲೆಗೆ ಇರುವ ಈ ಬದ್ಧತೆ, ನೆರೆಯವನ ಮಾನಪ್ರಾಣಗಳಿಗೆ ಸಂಬಂಧಿಸಿದ ಮಾತಿಗೆ ಅದೇ ಮೊಬೈಲಿನಲ್ಲಿ ಇರುವುದಿಲ್ಲ.

ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲದ ಸೌಲಭ್ಯ ದೊರೆತದ್ದು 1995ರ ಆಗಸ್ಟ್ 15ರಂದು. ಅದಕ್ಕೆ ಮೊದಲು 1986ರಲ್ಲಿ ಆರಂಭವಾದ ಎರ್ನೆಟ್ ಯೋಜನೆಯ ಮೂಲಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಂತಹ ಕೆಲವು ಸಂಸ್ಥೆಗಳಲ್ಲಿ ಮಾತ್ರ ಅದರ ಬಳಕೆಯಿತ್ತು. ಮೊದಲ ವರ್ಷಗಳಲ್ಲಿ ಕನ್ನಡಿಗರು ಕನ್ನಡವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದರು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ, 1998ರಲ್ಲಿ ಬಂದ ಬರಹ ತಂತ್ರಾಂಶ, ಕನ್ನಡ ಗಣಕ ಪರಿಷತ್ತಿನ ನುಡಿ, ಎಲ್ಲ ಗಣಕಗಳಿಗೂ ಏಕರೂಪವಾದ ಯೂನಿಕೋಡ್ ಇವುಗಳಿಂದ ಕ್ರಮೇಣ ನಮ್ಮ ಲಿಪಿ ತೆರೆಯ ಮೇಲೆ ನೆಲೆಗೊಂಡಿತು. ಇದು ಸಾಮಾನ್ಯವಾದ ಸಾಧನೆಯಲ್ಲ. ಅಜ್ಜಿಗೆ ಮೊಮ್ಮಗನು ಅಮೆರಿಕದಿಂದ ಕನ್ನಡದಲ್ಲಿಯೇ ಬರೆಯಲು ಸಾಧ್ಯವಾದದ್ದು ಈ ಕೆಲವರ ಪರಿಶ್ರಮದಿಂದ.

ಮಿಂಚಂಚೆಯು ಹೆಚ್ಚುಕಡಿಮೆ ಹಳೆಯ ಕಾಗದದ ಸ್ವರೂಪವನ್ನೇ ಉಳಿಸಿಕೊಂಡಿತ್ತು. ಕಳುಹಿಸಿದವರು, ಪಡೆಯುವವರು, ದಿನಾಂಕ, ವಿಷಯ ಇಷ್ಟೂ ಅದರ ನೆತ್ತಿಯ ಮೇಲೆ ಇರುತ್ತಿದ್ದವು. ವಾಟ್ಸ್‌ಆ್ಯಪ್ 2009ರಲ್ಲಿ ಹುಟ್ಟಿ, 2016ರ ನಂತರ ದತ್ತಾಂಶದ ಬೆಲೆ ಇಳಿದು ಹಳ್ಳಿಹಳ್ಳಿಯ ಮೊಬೈಲಿಗೆ ಅಂತರ್ಜಾಲ ಬಂದ ಮೇಲೆ ಸ್ಥಿತಿ ಬದಲಾಯಿತು. ಕುಟುಂಬಕ್ಕೊಂದು ಗುಂಪು, ಬಸದಿಗೊಂದು ಗುಂಪು, ಮಹಿಳಾ ಸಮಾಜಕ್ಕೊಂದು ಗುಂಪು. ಇವುಗಳಿಂದ ಉಪಕಾರವಾಗಲಿಲ್ಲವೆಂದು ಹೇಳುವುದು ಕೃತಘ್ನತೆಯಾದೀತು. 2015ರ ಆಗಸ್ಟ್ 10ರಂದು ರಾಜಸ್ಥಾನದ ಉಚ್ಚ ನ್ಯಾಯಾಲಯವು ಸಲ್ಲೇಖನವು ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಾಗ, ಎರಡೇ ವಾರಗಳಲ್ಲಿ ಆಗಸ್ಟ್ 24ರಂದು ದೇಶದ ಅನೇಕ ಊರುಗಳಲ್ಲಿ ಜೈನರು ಅಂಗಡಿ ಮುಚ್ಚಿ ಮೌನವಾಗಿ ಮೆರವಣಿಗೆ ನಡೆಸಿದರು. ಆಗಸ್ಟ್ 31ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ನೀಡಿತು. ಸಮ್ಮೇದಶಿಖರ್ಜಿಯ ಪರಿಸರದಲ್ಲಿ ಪ್ರವಾಸೋದ್ಯಮಕ್ಕೆ ಎಡೆಯಾಗುವುದೆಂಬ ಆತಂಕದಿಂದ ಎದ್ದ ಚಳವಳಿಯೂ ಹೀಗೆಯೇ ಹಬ್ಬಿತು. 2023ರ ಜನವರಿ 5ರಂದು ಕೇಂದ್ರ ಸರ್ಕಾರವು ಆ ಅವಕಾಶಗಳನ್ನು ತಡೆಹಿಡಿಯಿತು. ಚದುರಿಹೋಗಿರುವ ಅಲ್ಪಸಂಖ್ಯಾತ ಸಮಾಜವೊಂದು ಇಷ್ಟು ಬೇಗ ಒಂದುಗೂಡಿದ್ದು ಕಾಗದ ಮತ್ತು ತಂತಿಯ ಕಾಲದಲ್ಲಿ ಊಹಿಸಲಾಗದ್ದು.

ಆದರೆ ಇದೇ ಉಪಕರಣದಲ್ಲಿ ಒಂದು ವಿಶೇಷವಿದೆ. ಬಂದ ಸಂದೇಶವನ್ನು ಬೆರಳ ತುದಿಯಿಂದ ಮುಂದಕ್ಕೆ ಸಾಗಿಸಬಹುದು. ಹಾಗೆ ಸಾಗುವಾಗ ಮೊದಲು ಬರೆದವನ ಹೆಸರು ಉದುರಿಹೋಗುತ್ತದೆ. ಬರೆದ ದಿನಾಂಕವೂ ಉದುರುತ್ತದೆ. ಉಳಿಯುವುದು ಸಾಗಿಸಿದವನ ಹೆಸರು ಮಾತ್ರ; ಆತನು ಪಡೆಯುವವನಿಗೆ ಸೋದರಮಾವನೋ ಬಸದಿಯ ಪುರೋಹಿತರೋ ಆಗಿರುವುದರಿಂದ ಮಾತಿಗೆ ಅವರ ಗೌರವವೇ ಅಂಟಿಕೊಳ್ಳುತ್ತದೆ. ಎಂದೋ ಕಳೆದುಹೋಗಿ ಮನೆಗೆ ಮರಳಿದ ಮಗುವನ್ನು ಹುಡುಕಿಕೊಡಿರೆಂಬ ಬೇಡಿಕೆ ವರ್ಷಗಳ ನಂತರವೂ ತಿರುಗಿ ತಿರುಗಿ ಬರುವುದು ಇದರಿಂದಲೇ. ಅದು ನಿರುಪದ್ರವಿಯಾದ ಉದಾಹರಣೆ. ಉಪದ್ರವದ ಉದಾಹರಣೆಗಳು ಕರ್ನಾಟಕದಲ್ಲಿಯೇ ನಡೆದಿವೆ.

2012ರ ಜುಲೈ ತಿಂಗಳಿನಲ್ಲಿ ಅಸ್ಸಾಮಿನ ಕೊಕ್ರಝಾರ್ ಪ್ರದೇಶದಲ್ಲಿ ಗಲಭೆಗಳಾದವು. ಆಗಸ್ಟ್ ಮಧ್ಯದ ವೇಳೆಗೆ ಬೆಂಗಳೂರಿನಲ್ಲಿದ್ದ ಈಶಾನ್ಯ ರಾಜ್ಯಗಳ ಜನರ ಮೊಬೈಲುಗಳಿಗೆ, ರಂಜಾನ್ ಮುಗಿಯುತ್ತಲೇ ಅವರ ಮೇಲೆ ದಾಳಿಯಾಗುವುದೆಂಬ ಸಂದೇಶಗಳು ಬರತೊಡಗಿದವು. ಎಲ್ಲಿಯದೋ ಘಟನೆಗಳ ಚಿತ್ರಗಳು ಅಂತರ್ಜಾಲದಲ್ಲಿ ಅಸ್ಸಾಮಿನವೆಂದು ತಿರುಗಾಡುತ್ತಿದ್ದವು. ಆಗಸ್ಟ್ 15ರಿಂದ ಮೂರು ನಾಲ್ಕು ದಿನಗಳಲ್ಲಿ ಸುಮಾರು 30 ಸಾವಿರ ಮಂದಿ ಊರು ಬಿಟ್ಟರೆಂದು ಅಂದಿನ ವರದಿಗಳು ಹೇಳಿದವು. ಗುವಾಹಟಿಗೆ ವಿಶೇಷ ರೈಲುಗಳನ್ನೇ ಓಡಿಸಬೇಕಾಯಿತು. ಸಚಿವರೂ ಪೊಲೀಸ್ ಅಧಿಕಾರಿಗಳೂ ನಿಲ್ದಾಣಕ್ಕೆ ಹೋಗಿ ಭಯಬೇಡವೆಂದರು. ಮುಸ್ಲಿಂ ಸಂಘಟನೆಗಳ ಹಿರಿಯರೂ ಅಭಯವಿತ್ತರು. ಹಸಿದ ಕೂಸುಗಳನ್ನು ಎತ್ತಿಕೊಂಡು ನಿಂತಿದ್ದವರಿಗೆ, ಎದುರು ನಿಂತ ಮನುಷ್ಯನ ಮಾತಿಗಿಂತ ಹೆಸರಿಲ್ಲದ ಸಂದೇಶವೇ ಹೆಚ್ಚು ನಿಜವೆನಿಸಿತು. ಸಂದೇಶದಲ್ಲಿ ಹೇಳಿದಂತಹ ಸಾಮೂಹಿಕ ದಾಳಿ ನಡೆಯಲಿಲ್ಲ. ಕೇಂದ್ರ ಸರ್ಕಾರವು ಆಗಸ್ಟ್ 17ರಂದು ಹದಿನೈದು ದಿನಗಳ ಮಟ್ಟಿಗೆ ಸಗಟು ಸಂದೇಶಗಳನ್ನು ನಿಷೇಧಿಸಿ, ಒಬ್ಬನು ದಿನಕ್ಕೆ 5ಕ್ಕಿಂತ ಹೆಚ್ಚು ಕಿರುಸಂದೇಶ ಕಳುಹಿಸಬಾರದೆಂದು ಕಟ್ಟು ಮಾಡಿತು.

ಆಗ ಪ್ರಾಣಹಾನಿಯನ್ನು ತಪ್ಪಿಸಿಕೊಂಡ ರಾಜ್ಯ 2018ರಲ್ಲಿ ತಪ್ಪಿಸಿಕೊಳ್ಳಲಿಲ್ಲ. ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ಆ ವರ್ಷದ ಬೇಸಿಗೆಯಲ್ಲಿ ದಕ್ಷಿಣ ಭಾರತದುದ್ದಕ್ಕೂ ಹಬ್ಬಿತು. ಅದಕ್ಕೆ ಪುಷ್ಟಿ ಕೊಟ್ಟ ಒಂದು ಚಲನಚಿತ್ರದ ತುಣುಕಿನ ಕಥೆ ವಿಚಿತ್ರವಾದುದು. ದ್ವಿಚಕ್ರವಾಹನದಲ್ಲಿ ಬಂದವರು ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುವ ದೃಶ್ಯ ಅದು. ಮಕ್ಕಳ ರಕ್ಷಣೆಯ ಬಗ್ಗೆ ಎಚ್ಚರ ಮೂಡಿಸಲೆಂದು ಪಾಕಿಸ್ತಾನದ ಕರಾಚಿಯಲ್ಲಿ ತಯಾರಿಸಿದ ಅಭಿನಯವಾಗಿದ್ದ ಅದರ ಕೊನೆಯಲ್ಲಿ ಮಗುವನ್ನು ಹಿಂದಿರುಗಿಸಿ ಫಲಕ ತೋರಿಸುವ ಭಾಗವಿತ್ತು. ಯಾರೋ ಆ ಕೊನೆಯನ್ನು ಕತ್ತರಿಸಿದರು. ಉಳಿದದ್ದು ಭಾರತದಲ್ಲಿ ನಡೆದ ಅಪಹರಣವೆಂದು ಸಾಗಿತು. 2018ರ ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸ ಅರಸಿ ಬಂದಿದ್ದ ರಾಜಸ್ಥಾನದ ತರುಣನೊಬ್ಬನನ್ನು ಮಕ್ಕಳ ಕಳ್ಳನೆಂದು ಶಂಕಿಸಿ ಗುಂಪು ಹೊಡೆದು ಕೊಂದಿತು. ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ, ಕಾರಿನಲ್ಲಿ ಬಂದಿದ್ದ ಮಿತ್ರರಲ್ಲೊಬ್ಬನು ಶಾಲೆಯ ಮಕ್ಕಳಿಗೆ ಚಾಕೊಲೇಟ್ ಹಂಚಿದ್ದೇ ಅನುಮಾನಕ್ಕೆ ಕಾರಣವಾಯಿತು. ಅವರು ಅಲ್ಲಿಂದ ಹೊರಟರು. ಅವರ ಕಾರಿಗಿಂತ ಮುಂಚೆ ವಾಟ್ಸ್‌ಆ್ಯಪ್ ಸಂದೇಶ ಮುರ್ಕಿ ಗ್ರಾಮವನ್ನು ತಲುಪಿತ್ತು. ದಾರಿ ಅಡ್ಡಗಟ್ಟಲಾಯಿತು. ಹೈದರಾಬಾದಿನ ಒಬ್ಬ ತರುಣನು ಅಲ್ಲಿಯೇ ಸತ್ತನು. ಅವನ ಜೊತೆಯವರೂ ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು. ಮಗುವಿನ ಕೈಗೆ ಸಿಹಿ ಕೊಡುವುದು ಅಪರಾಧದ ಗುರುತೆನಿಸುವಷ್ಟು ದೂರಕ್ಕೆ ಆ ಸಂದೇಶಗಳು ಜನರನ್ನು ಒಯ್ದಿದ್ದವು.

ಅದೇ ಜುಲೈಯಲ್ಲಿ ವಾಟ್ಸ್‌ಆ್ಯಪ್ ಸಂಸ್ಥೆಯು ಸಾಗಿಬಂದ ಸಂದೇಶದ ಮೇಲೆ ಅದು ಸಾಗಿಬಂದುದೆಂಬ ಚೀಟಿಯನ್ನು ಅಂಟಿಸತೊಡಗಿತು. ಭಾರತದಲ್ಲಿ ಒಂದು ಸಲಕ್ಕೆ 5ಕ್ಕಿಂತ ಹೆಚ್ಚು ಕಡೆಗೆ ಸಾಗಿಸುವುದನ್ನು ತಡೆಯಿತು. 2019ರ ಜನವರಿಯಲ್ಲಿ ಈ ಮಿತಿ ಜಗತ್ತಿಗೆಲ್ಲ ಅನ್ವಯವಾಯಿತು. 2020ರ ಏಪ್ರಿಲ್‌ನಲ್ಲಿ, ಕೊರೋನಾ ಕಾಲದ ಸುಳ್ಳು ಔಷಧಗಳ ಹಾವಳಿಯ ನಡುವೆ, ಬಹಳ ಸಲ ಕೈದಾಟಿದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳುಹಿಸಬಹುದೆಂಬ ನಿಯಮ ಬಂದಿತು. 2012ರಲ್ಲಿ ಸರ್ಕಾರ, 2018ರಲ್ಲಿ ಖಾಸಗಿ ಸಂಸ್ಥೆ ಇಬ್ಬರೂ ಹುಡುಕಿಕೊಂಡ ಉಪಾಯ ಒಂದೇ: ಮಾತಿನ ವೇಗವನ್ನು ತಗ್ಗಿಸುವುದು.

ಶ್ರಾವಕಾಚಾರದ ಗ್ರಂಥಗಳನ್ನು ಓದಿದವರಿಗೆ ಇದು ಹೊಸ ಉಪಾಯವಾಗಿ ತೋರದು. ಮುನಿಗಳಿಗೆ ಭಾಷಾಸಮಿತಿಯನ್ನು ವಿಧಿಸಿದ ಶಾಸ್ತ್ರವು ಗೃಹಸ್ಥರಿಗೆ ಸತ್ಯಾಣುವ್ರತವನ್ನು ವಿಧಿಸಿ, ಅದರ ಐದು ಅತಿಚಾರಗಳನ್ನೂ ಹೇಳಿದೆ. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿಯೂ ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಈ ಪಟ್ಟಿ ಸ್ವಲ್ಪ ವ್ಯತ್ಯಾಸದೊಡನೆ ದೊರೆಯುತ್ತದೆ. ಇತರರನ್ನು ತಪ್ಪುದಾರಿಗೆ ಎಳೆಯುವ ಉಪದೇಶ, ಚಾಡಿ, ಗುಟ್ಟಾಗಿ ಅರಿತದ್ದನ್ನು ಬಯಲು ಮಾಡುವುದು ಇವುಗಳ ಬಗ್ಗೆ ಹೆಚ್ಚು ವಿವರಿಸಬೇಕಾಗಿಲ್ಲ. ಇಬ್ಬರ ನಡುವಿನ ಖಾಸಗಿ ಬರಹದ ಚಿತ್ರ ತೆಗೆದು ಮೂರನೆಯವನಿಗೆ ಕಳುಹಿಸುವುದು ಹಳೆಯ ರಹೋಭ್ಯಾಖ್ಯಾನವೇ ಆಗಿದೆ.

ಕೂಟಲೇಖದ ವಿಚಾರ ಹೆಚ್ಚು ಗಂಭೀರವಾದುದು. ಒಬ್ಬನು ಹೇಳದುದನ್ನು ಹೇಳಿದನೆಂದು, ಮಾಡದುದನ್ನು ಮಾಡಿದನೆಂದು ಬರೆದು ತೋರಿಸುವುದು ಕೂಟಲೇಖ. ವ್ಯಾಪಾರಿಗಳು ಬಹಳವಾಗಿದ್ದ ಸಮಾಜದಲ್ಲಿ ಸುಳ್ಳುಪತ್ರ, ಸುಳ್ಳುಮುದ್ರೆಗಳನ್ನು ಮನಸ್ಸಿನಲ್ಲಿಟ್ಟು ಆಚಾರ್ಯರು ಇದನ್ನು ಹೇಳಿರಬೇಕು. ಕೊನೆಯನ್ನು ಕತ್ತರಿಸಿದ ಕರಾಚಿಯ ತುಣುಕು ಕೂಟಲೇಖ. ಟ್ರಸ್ಟಿನ ಶಿರೋನಾಮೆಯ ಕಾಗದವನ್ನು ಅನುಕರಿಸಿ, ಖಾತೆಯ ಸಂಖ್ಯೆಯನ್ನು ಮಾತ್ರ ಬದಲಿಸಿ, ಜೀರ್ಣೋದ್ಧಾರಕ್ಕೆ ದಾನ ಬೇಡುವ ಪ್ರಕಟಣೆ ಕೂಟಲೇಖ. ಇಂದು ಯಂತ್ರದ ಮೂಲಕ ಸತ್ಪುರುಷರ ಮುಖವನ್ನೂ ಧ್ವನಿಯನ್ನೂ ಸೃಷ್ಟಿಸಿ, ಅವರು ಆಡದ ಮಾತನ್ನು ಅವರ ಬಾಯಿಂದ ಆಡಿಸುವುದು ಸಾಧ್ಯವಾಗಿದೆ. ಲೇಖವೆಂಬ ಶಬ್ದದ ಅರ್ಥ ಇಲ್ಲಿಯವರೆಗೆ ಹಿಗ್ಗೀತೆಂದು ಯಾರೂ ಎಣಿಸಿರಲಿಲ್ಲ.

ಸಾಗಿಸುವವನ ಸಮಾಧಾನ ಒಂದಿದೆ: ಇದು ತಾನು ಬರೆದುದಲ್ಲ, ಬಂದದ್ದನ್ನು ಕಳುಹಿಸಿದೆನಷ್ಟೆ, ನಿಜವೇ ಇರಬಹುದೆಂದು ಭಾವಿಸಿದೆ. ಈ ಸಮಾಧಾನವನ್ನು ಲೋಕದ ಕಾನೂನು ಸ್ವಲ್ಪಮಟ್ಟಿಗೆ ಒಪ್ಪುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 353ನೆಯ ಕಲಮು ಸಾರ್ವಜನಿಕ ಕ್ಷೋಭೆಯನ್ನುಂಟುಮಾಡುವ ಸುಳ್ಳುಮಾತನ್ನು ಪ್ರಸಾರ ಮಾಡುವುದನ್ನು ದಂಡನೀಯವೆನ್ನುತ್ತದೆ. ಆದರೆ ನಿಜವೆಂದು ನಂಬಲು ಸಕಾರಣವಿದ್ದು ದುರುದ್ದೇಶವಿಲ್ಲದೆ ಸದ್ಭಾವದಿಂದ ಹೇಳಿದವನನ್ನು ಬಿಟ್ಟುಕೊಡುತ್ತದೆ. ಕಾನೂನು ಹಾಗಿರಬೇಕಾದದ್ದೇ. ಅದು ಅತಿಯಾಗಿ ಚಾಚಿಕೊಂಡಾಗ ಏನಾಗುವುದೆಂಬುದನ್ನು ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಎ ಕಲಮು ತೋರಿಸಿತ್ತು. ಸರ್ವೋಚ್ಚ ನ್ಯಾಯಾಲಯವು 2015ರ ಮಾರ್ಚ್ 24ರಂದು ಅದನ್ನು ರದ್ದುಪಡಿಸಿತು.

ವ್ರತದ ಅಳತೆ ಬೇರೆ. ಹಿಂಸೆಯ ಲಕ್ಷಣದಲ್ಲಿ ಬರುವ ಪ್ರಮತ್ತಯೋಗವು, ಎಂದರೆ ಪ್ರಮಾದದಿಂದ ಕೂಡಿದ ಪ್ರವೃತ್ತಿಯು, ಅಸತ್ಯದ ಲಕ್ಷಣಕ್ಕೂ ಅನ್ವಯಿಸುವುದೆಂದು ವ್ಯಾಖ್ಯಾನಕಾರರು ಹೇಳುತ್ತಾರೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ರಾಣಿಗಳಿಗೆ ಪೀಡೆಯನ್ನುಂಟುಮಾಡುವ ಮಾತು ಇದ್ದ ಸಂಗತಿಯ ಬಗ್ಗೆಯೇ ಆಗಿದ್ದರೂ ಅಪ್ರಶಸ್ತವೆಂದು ವಿವರಿಸುತ್ತಾರೆ. ಸಂಪ್ರದಾಯವು ಪೂಜ್ಯಪಾದರನ್ನು ಗಂಗರಾಜ್ಯದೊಡನೆ ಜೋಡಿಸುತ್ತದೆ. ಆ ಗಂಗರಸರ ಒಂದು ಬೀಡು ಚನ್ನಪಟ್ಟಣದ ಬಳಿಯ ಮಂಕುಂದದಲ್ಲಿತ್ತೆಂಬುದನ್ನು ಈ ಭಾಗದವರು ನೆನೆಯಬಹುದು. ಇದಲ್ಲದೆ ಕರ್ಮವು ಮನೋವಚನಕಾಯಗಳಿಂದಲೂ, ಕೃತ ಕಾರಿತ ಅನುಮೋದನೆಗಳಿಂದಲೂ ಒಂಬತ್ತು ಬಗೆಯಲ್ಲಿ ತಗಲುವುದೆಂಬುದು ಬಾಲಬೋಧೆಯಲ್ಲಿಯೇ ಕಲಿತ ಪಾಠ. ಬರೆದವನದು ಕೃತ. ಸಾಗಿಸಿ ಇನ್ನೊಬ್ಬನನ್ನು ಪ್ರಚೋದಿಸಿದವನದು ಕಾರಿತ. ಏನನ್ನೂ ಬರೆಯದೆ ಏನನ್ನೂ ಸಾಗಿಸದೆ ಸಂದೇಶದ ಕೆಳಗೆ ಹೆಬ್ಬೆರಳ ಚಿತ್ರ ಒತ್ತಿ ಸುಮ್ಮನಾದವನಿಗೂ ಅನುಮೋದನೆಯೆಂಬ ಸ್ಥಾನ ಸಿದ್ಧವಾಗಿದೆ. ಮುರ್ಕಿಯ ದಾರಿಯಲ್ಲಿ ಕಲ್ಲು ಹಿಡಿದು ನಿಂತವರನ್ನು ನ್ಯಾಯಾಲಯ ಲೆಕ್ಕ ಹಾಕಬಲ್ಲದು. ಆ ಮಧ್ಯಾಹ್ನ ಸಂದೇಶವನ್ನು ಇನ್ನೊಂದು ಗುಂಪಿಗೆ ದಾಟಿಸಿ ಊಟಕ್ಕೆ ಎದ್ದುಹೋದವರ ಲೆಕ್ಕ ಅಲ್ಲಿ ಸಿಕ್ಕದು.

ದೇವಾಲಯದ ಟ್ರಸ್ಟುಗಳಿಗೆ ಸಂಬಂಧಿಸಿದ ಮಾತೊಂದು ಇಲ್ಲಿ ಉಳಿದಿದೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ನ್ಯಾಸಾಪಹಾರವೂ ಒಂದು. ಒಬ್ಬನು ನಂಬಿ ಇರಿಸಿದ ನಿಕ್ಷೇಪವನ್ನು, ಅವನು ಲೆಕ್ಕ ಮರೆತನೆಂದು ಕಡಿಮೆ ಹಿಂದಿರುಗಿಸುವುದು ಇದರ ಅರ್ಥ. ಬಸದಿಗೆ ದಾನ ಕೊಟ್ಟವರು ತಮ್ಮ ಹೆಸರು, ವಿಳಾಸ, ದೂರವಾಣಿ ಸಂಖ್ಯೆ, ಮನೆಯ ಮಂದಿಯ ಜನ್ಮದಿನ ಇವನ್ನು ಪೂಜೆಯ ನಿಮಿತ್ತ ಬರೆಯಿಸಿರುತ್ತಾರೆ. ಅದೂ ನಿಕ್ಷೇಪವೇ. ಆ ಪಟ್ಟಿಯನ್ನು ಚುನಾವಣೆಗೆ ನಿಂತ ಬಂಧುವಿಗೋ ನಿವೇಶನ ಮಾರುವವನಿಗೋ ಒಂದು ಸ್ಪರ್ಶದಿಂದ ಕಳುಹಿಸಿಕೊಡುವವರು ತಾವು ಏನನ್ನೋ ಅಪಹರಿಸಿದೆವೆಂದು ಭಾವಿಸುವುದಿಲ್ಲ. ವ್ಯಕ್ತಿಗಳ ಮಾಹಿತಿಯ ಸಂರಕ್ಷಣೆಗೆಂದು 2023ರಲ್ಲಿ ಸಂಸತ್ತು ಪ್ರತ್ಯೇಕ ಕಾಯಿದೆಯನ್ನೇ ಮಾಡಿದೆ. ಸಭೆಯ ನಿರ್ಣಯಗಳ ವಿಷಯವೂ ಹೀಗೆಯೇ. ಜೀರ್ಣೋದ್ಧಾರದ ಗುತ್ತಿಗೆ ಯಾರಿಗೆ, ಎಷ್ಟಕ್ಕೆ ಎಂಬುದು ಗುಂಪಿನಲ್ಲಿ ರಾತ್ರಿ ಹನ್ನೊಂದಕ್ಕೆ ನಾಲ್ಕು ಹೆಬ್ಬೆರಳುಗಳಿಂದ ನಿಶ್ಚಯವಾಗಿ, ನಡಾವಳಿ ಪುಸ್ತಕದಲ್ಲಿ ಒಂದು ಸಾಲೂ ಇಲ್ಲದಂತಾದರೆ, ಮೊಬೈಲು ಕೆಟ್ಟ ದಿನ ಆ ನಿರ್ಣಯವೂ ಹೋಯಿತು. ತಾತಯ್ಯನು ಮನೆಗೊಂದು ಹಣವನ್ನು ಎತ್ತಿ ಏನು ಮಾಡಬೇಕಾಗಿತ್ತೆಂಬುದು ಆರುನೂರೈವತ್ತು ವರ್ಷಗಳ ನಂತರವೂ ಓದಲು ಸಿಕ್ಕುತ್ತದೆ.

ಸಮಾಜದ ಒಳಗಣ ಮನಸ್ತಾಪಗಳು ಈಗ ಹೆಚ್ಚಾಗಿ ಗುಂಪುಗಳಲ್ಲಿಯೇ ಹುಟ್ಟುತ್ತಿವೆ. ಅಭಿಷೇಕದ ಕ್ರಮ, ಟ್ರಸ್ಟಿನ ಚುನಾವಣೆ, ಪಂಥಭೇದ ಇವು ಹಿಂದೆಯೂ ಇದ್ದವು. ಆದರೆ ಎದುರಿಗೆ ಕುಳಿತವನ ಮುಖ ಕಂದುವುದನ್ನು ನೋಡಿ ಅರ್ಧಕ್ಕೇ ನಿಲ್ಲುತ್ತಿದ್ದ ಮಾತು ಈಗ ಪೂರ್ತಿಯಾಗಿ ಬರೆಯಲ್ಪಟ್ಟು ಇನ್ನೂರು ಮಂದಿಯ ಮುಂದೆ ನಿಲ್ಲುತ್ತದೆ. ಒಬ್ಬರು ಗುಂಪನ್ನು ಬಿಟ್ಟು ಹೋಗುತ್ತಾರೆ. ಆಮೇಲೆ ಬಸದಿಗೂ ಬರುವುದಿಲ್ಲ.

ಭಾದ್ರಪದ ಶುದ್ಧ ಪಂಚಮಿಯಿಂದ ಚತುರ್ದಶಿಯವರೆಗೆ ದಶಲಕ್ಷಣ ಪರ್ವ. ಬುಕ್ಕರಾಯನ ಶಾಸನದ ತಿಥಿಯಾದ ದಶಮಿಯು ಈ ಲೆಕ್ಕದಲ್ಲಿ ಆರನೆಯ ದಿನ, ಉತ್ತಮ ಸಂಯಮದ ದಿನ. ಹುಣ್ಣಿಮೆಯ ಮಾರನೆಯ ದಿನ ಕ್ಷಮಾವಾಣಿ. ಹಿಂದೆ ಆ ದಿನ ಕಿರಿಯರು ಹಿರಿಯರ ಮನೆಗೆ, ಜಗಳವಾಡಿದವರು ಜಗಳವಾಡಿದವರ ಮನೆಗೆ ಹೋಗಿ ಕೈಮುಗಿಯುತ್ತಿದ್ದರು; ದೂರದವರಿಗೆ ಕಾರ್ಡು ಬರೆಯುತ್ತಿದ್ದರು. ಕಾರ್ಡಿನಲ್ಲಿ ನಾಲ್ಕು ಸಾಲು ಬರೆಯಬೇಕಾದರೂ ಯಾರಿಗೆ, ಯಾವುದಕ್ಕಾಗಿ ಎಂಬುದು ಮನಸ್ಸಿಗೆ ಬರಲೇಬೇಕಾಗಿತ್ತು. ಇಂದು ತಾವರೆಯ ಚಿತ್ರದ ಮೇಲೆ ಕ್ಷಮಾಯಾಚನೆಯ ವಾಕ್ಯವಿರುವ ಸಿದ್ಧ ಸಂದೇಶವೊಂದು ಬೆಳಗಿನ ಜಾವದಿಂದಲೇ ಬರತೊಡಗುತ್ತದೆ. ಬಂದುದನ್ನೇ ಇನ್ನೊಬ್ಬರಿಗೆ ಸಾಗಿಸುವುದರಿಂದ ಸಾಗಿಬಂದುದೆಂಬ ಚೀಟಿಯೂ ಅದರ ಮೇಲೆ ಇರುತ್ತದೆ. ಕಳುಹಿಸುವ ಪಟ್ಟಿಯಲ್ಲಿ ಹಾಲಿನವನೂ ಇರುತ್ತಾನೆ, ಬ್ಯಾಂಕಿನ ಗುಮಾಸ್ತನೂ ಇರುತ್ತಾನೆ, ಮೂರು ವರ್ಷಗಳಿಂದ ಮಾತು ಬಿಟ್ಟ ದಾಯಾದಿಯೂ ಇರುತ್ತಾನೆ. ದಾಯಾದಿಯ ಉತ್ತರವೂ ಒಂದು ತಾವರೆಯೇ. ಎರಡು ಮನೆಗಳ ನಡುವಿನ ದೂರ ಒಂದು ಬೀದಿ.